ಬುಟ್ಟಿಯ ಹಿಂದಿನ ಬೆಂಚಿನಲ್ಲಿ ನನ್ನ ಗಂಡ

ನನ್ನ ಗಂಡ ಗೋರ್ಡಿ ಝಾಸ್ಟ್ರೋ ಹೋಲ್ಡರ್ ಕಾಲೇಜಿನ ಒಂದು ತರಗತಿಯಲ್ಲೂ ಕುಳಿತವನಲ್ಲ. ಒಮ್ಮೆ ಮಾತ್ರ ಅಲ್ಲಿನ ರಸಾಯನಶಾಸ್ತ್ರದ ಕಟ್ಟಡದೊಳಗೆ ಹೋಗಿದ್ದ, ಅದೂ ಶೌಚಾಲಯ ಹುಡುಕಿಕೊಂಡು. ಆದರೂ ಆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಯಾರಾದರೂ ಅರ್ಧ ಮಾತು ಆಡಿದರೆ ಸಾಕು, ಹೆತ್ತವರನ್ನು ಬೈದರೆಂಬಂತೆ ಮೈಮೇಲೆ ಹೋಗುತ್ತಾನೆ. ಅಲ್ಲಿ ಓದಿದವರು ನಾಲ್ಕು ವರ್ಷ ಇದ್ದು, ಕೊನೆಯ ದಿನ ಟೋಪಿಯನ್ನು ಗಾಳಿಗೆ ಎಸೆದು, ಮಿಲ್ವಾಕಿಗೋ ಶಿಕಾಗೋಗೋ ಹೊರಟುಹೋಗುತ್ತಾರೆ. ಅವರು ಬಿಟ್ಟುಹೋದ ಅಭಿಮಾನವನ್ನೆಲ್ಲ ಹೊತ್ತುಕೊಂಡು ಇಲ್ಲೇ ಉಳಿಯುವ ಕರ್ಮ ಗೋರ್ಡಿಯದು. ಗೋರ್ಡಿಯನ್ನು ಹೊತ್ತುಕೊಂಡು ಉಳಿಯುವ ಕರ್ಮ ನನ್ನದು.

ಅವನ ಅಪ್ಪ ಹಾಲಿಗಾಗಿ ಹಸು ಸಾಕುತ್ತಿದ್ದವರು. ಗೋರ್ಡಿಗೆ ಕಾಲೇಜು ಸೇರುವ ವಯಸ್ಸು ಬರುವ ಹೊತ್ತಿಗೆ ಅವರ ಸೊಂಟ ಬಿದ್ದುಹೋಯಿತು. ಹಸುಗಳಿಗೆ ಕಾಲೇಜು ಗೊತ್ತಿಲ್ಲ, ಬೆಳಗ್ಗೆ ಸಂಜೆ ಹಾಲು ಕರೆಯಲೇಬೇಕು. ಆ ಚಳಿಗಾಲದಲ್ಲಿ ಸಂಜೆಯ ಹಾಲು ಮುಗಿಸಿ ಅವನು ಕಾಲೇಜಿನ ಕ್ರೀಡಾಂಗಣಕ್ಕೆ ಬಂದು ಕೂರತೊಡಗಿದ. ಟಿಕೆಟ್ ಅಗ್ಗ, ಒಳಗೆ ಬೆಚ್ಚಗೆ, ಪಾಪ್‌ಕಾರ್ನ್ ಬಿಸಿಬಿಸಿ. ಕೊಟ್ಟಿಗೆಯ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡರೆಂದು ಬುಟ್ಟಿಯ ಹಿಂದಿನ ಬೆಂಚಿಗೆ ಎದ್ದುಹೋದ. ಅಲ್ಲಿಂದ ಆಟ ಅರ್ಧ ಮಾತ್ರ ಕಾಣುತ್ತದೆ ಎಂದು ಯಾರೂ ಕೂರುತ್ತಿರಲಿಲ್ಲ. ಮುಂದೆ ಹಸುಗಳನ್ನು ಮಾರಿದ, ಕೌಂಟಿಯ ಹಿಮ ತೆಗೆಯುವ ಲಾರಿಗೆ ಡ್ರೈವರ್ ಆದ, ನನ್ನನ್ನು ಮದುವೆಯಾದ, ತಲೆಗೂದಲು ಕಳೆದುಕೊಂಡ. ಬೆಂಚನ್ನು ಮಾತ್ರ ಬಿಡಲಿಲ್ಲ.

ಆ ಬೆಂಚಿಗೊಂದು ಕೆಲಸವಿದೆ. ಆಟದಲ್ಲಿ ಎದುರಾಳಿ ತಪ್ಪು ಮಾಡಿದರೆ ಒಬ್ಬ ಆಟಗಾರನಿಗೆ ಗೆರೆಯ ಮೇಲೆ ಒಂಟಿಯಾಗಿ ನಿಂತು ಚೆಂಡು ಎಸೆಯುವ ಅವಕಾಶ ಕೊಡುತ್ತಾರೆ. ಯಾರೂ ಅಡ್ಡ ಬರುವ ಹಾಗಿಲ್ಲ. ಅವನ ಕಣ್ಣೆದುರು ಬುಟ್ಟಿ, ಬುಟ್ಟಿಯ ಹಿಂದೆ ಗೋರ್ಡಿ. ಅವನ ಕೈ ಅಲುಗಿಸುವುದೇ ಬೆಂಚಿನವರ ಕೆಲಸ, ಮತ್ತು ಅದಕ್ಕೆ ಗೋರ್ಡಿಯೇ ಯಜಮಾನ. ಹಾಗೆಂದು ಅವನು ಬಾಯಿಗೆ ಬಂದದ್ದು ಕೂಗುವವನಲ್ಲ. ಅವನಿಗೂ ಒಂದು ನೀತಿಶಾಸ್ತ್ರವಿದೆ, ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಅದರ ಪಾಠ ನಡೆಯುತ್ತದೆ.

"ಮೈಬಣ್ಣದ ಸುದ್ದಿ ಎತ್ತಬಾರದು. ದಪ್ಪ, ಕುಳ್ಳ ಅನ್ನಬಾರದು. ಅಮ್ಮನ ಸುದ್ದಿ, ಹುಡುಗಿ ಸುದ್ದಿ ಬೇಡವೇ ಬೇಡ. ನಾವು ಹೋಲ್ಡರ್‌ನೋರು, ನಮಗೊಂದು ಮರ್ಯಾದೆ ಇದೆ."

"ಮತ್ತೆ ಏನ್ ಕೂಗೋದು?" ಎಂದು ಹುಡುಗರು ಕೇಳುತ್ತಾರೆ.

"ಅಜ್ಜಿ. ಅಜ್ಜಿ ಸುದ್ದಿಗೆ ಯಾರೂ ಬೇಜಾರು ಮಾಡ್ಕೊಳಲ್ಲ."

ಹೀಗೆ ಹುಟ್ಟಿದ್ದು ಅವನ ಪ್ರಸಿದ್ಧ ಕೂಗು. ಗೆರೆಗೆ ಬಂದ ಪ್ರತಿಯೊಬ್ಬ ಎದುರಾಳಿಗೂ ಅದೇ: "ನಿಮ್ಮಜ್ಜಿ ನಿನಗಿಂತ ಚೆನ್ನಾಗಿ ಹಾಕ್ತಾಳೆ ಕಣೋ!" ಅಂದ ಕೂಡಲೇ ಬೆಂಚುಗಳೆಲ್ಲ ಕಾಲು ಬಡಿದು, "ಅಜ್ಜೀನ ಕಳಿಸು! ಅಜ್ಜೀನ ಕಳಿಸು!" ಎಂದು ಸೂರು ಹಾರಿಸುತ್ತವೆ. ನಾನು ಅವನ ಪಕ್ಕದಲ್ಲಿ ಕೂತು ಸ್ವೆಟರ್ ಹೆಣೆಯುತ್ತೇನೆ. ಆಟ ನನಗೆ ಬೇಕಿಲ್ಲ, ಆದರೆ ಬರದಿದ್ದರೆ ಮನೆಗೆ ಬಂದು ಪೂರ್ತಿ ಆಟವನ್ನು ಮತ್ತೆ ಹೇಳುತ್ತಾನೆ; ಅದಕ್ಕಿಂತ ಇದೇ ಬೇಗ ಮುಗಿಯುತ್ತದೆ.

ನಮ್ಮ ಪರಮವೈರಿಗಳು ಹೊಳೆಯಾಚೆಯ ಟೊರ್ವಿಕ್ ಕಾಲೇಜಿನವರು. ನಮ್ಮ ತಂಡದ ಹೆಸರು ನೀರುನಾಯಿಗಳು, ಅವರದು ಕೊಕ್ಕರೆಗಳು. ಎರಡೂ ಊರಿನವರು ಲೂಥರನ್ ಚರ್ಚಿನವರು, ಭಾನುವಾರ ಹಾಡುವುದು ಅದೇ ಕೀರ್ತನೆ, ತಿನ್ನುವುದು ಅದೇ ಹೊಳೆಯ ಮೀನು. ಆದರೂ ಚಳಿಗಾಲ ಬಂತೆಂದರೆ ನಮ್ಮವರಿಗೆ ಸೇತುವೆಯಾಚೆ ಇರುವವರು ಮನುಷ್ಯರಲ್ಲ. ಗೋರ್ಡಿ ತನ್ನ ಲಾರಿಯಲ್ಲಿ ಹಿಮ ತೆಗೆಯುತ್ತ ಸೇತುವೆಯ ಅರ್ಧದವರೆಗೆ ಹೋಗಿ, ಅದು ಕೌಂಟಿಯ ಗಡಿ ಎಂದು, ಇಲಾಖೆಯ ಆಜ್ಞೆಗಿಂತ ಹೆಚ್ಚು ನಿಷ್ಠೆಯಿಂದ ಅಲ್ಲೇ ತಿರುಗಿಸಿಕೊಂಡು ಬರುತ್ತಿದ್ದ.

ಈ ಸಲದ ಜನವರಿಯಲ್ಲಿ ಟೊರ್ವಿಕ್‌ನವರು ನಮ್ಮಲ್ಲಿಗೆ ಆಡಲು ಬಂದರು. ಆಟ ಮುಗಿಯಲು ಕೆಲವೇ ಕ್ಷಣ. ಅವರು ಒಂದು ಅಂಕ ಹಿಂದೆ. ಅವರ ಕೋಲ್ಟನ್ ನೈಗಾರ್ಡ್ ಎಂಬ ತೆಳ್ಳನೆಯ ಹುಡುಗನಿಗೆ ಗೆರೆಯ ಮೇಲಿಂದ ಎರಡು ಎಸೆತ ಸಿಕ್ಕಿತು. ಆ ಹುಡುಗ ಗೆರೆಯಿಂದ ತಪ್ಪಿಸಿದ್ದನ್ನು ಯಾರೂ ಕಂಡಿರಲಿಲ್ಲ. ನಮ್ಮ ಕಡೆಯವರ ಮುಖ ಬಾಡಿತು. ಗೋರ್ಡಿ ಎದ್ದು ನಿಂತ, ಎದೆತುಂಬ ಉಸಿರೆಳೆದುಕೊಂಡ.

"ನೈಗಾರ್ಡ್! ಕೈ ನಡುಗ್ತಿದೆಯಲ್ಲೋ! ನಿಮ್ಮಜ್ಜಿ ನಿನಗಿಂತ ಚೆನ್ನಾಗಿ ಹಾಕ್ತಾಳೆ ಕಣೋ! ಅಜ್ಜೀನ ಕಳಿಸು!"

ಬೆಂಚುಗಳು ಗುಡುಗಿದವು. ಹುಡುಗ ಎತ್ತಿದ ಚೆಂಡನ್ನು ಇಳಿಸಿದ. ನಮ್ಮ ಕಡೆ ನೋಡಿದ. ಎಸೆದ, ಚೆಂಡು ಬುಟ್ಟಿಯ ಬಳೆಯನ್ನೂ ಮುಟ್ಟಲಿಲ್ಲ. ಎರಡನೆಯದೂ ಹಾಗೇ. ನಾವು ಗೆದ್ದೆವು. ಎಲ್ಲರೂ ಗೋರ್ಡಿಯನ್ನು ಹೆಗಲ ಮೇಲೆ ಎತ್ತಿಕೊಂಡಾಗ ನಾನು ಕೆಳಗೆ ಬಿದ್ದ ಉಲ್ಲನ್ ಉಂಡೆ ಹುಡುಕುತ್ತ ಬಗ್ಗಿದ್ದೆ. ಹಾಗಾಗಿ ನನಗೆ ಕಂಡಿತು. ಆ ಹುಡುಗ ಗೆರೆಯ ಮೇಲೇ ಕುಸಿದು ಕೂತಿದ್ದ. ಅವನ ಜೊತೆಯವರು ಯಾರಿಗೂ ಕಾಣದಂತೆ ಸುತ್ತ ನಿಂತು ಮರೆ ಮಾಡುತ್ತಿದ್ದರು. ಬರೀ ಆಟ ಸೋತವರು ಹೀಗೆ ನಿಲ್ಲುವುದಿಲ್ಲ.

ಶುಕ್ರವಾರ ಊರಿನ ಹೋಟೆಲಿನಲ್ಲಿ ಕರಿದ ಮೀನಿನ ಊಟ. ಗೋರ್ಡಿ ಒಳಗೆ ಕಾಲಿಟ್ಟದ್ದೇ ತಡ, ಕುಡಿಯುತ್ತಿದ್ದವರೆಲ್ಲ ಮೇಜು ಬಡಿದು "ಅಜ್ಜೀನ ಕಳಿಸು" ಶುರು ಮಾಡಿದರು. ಇವನು ಮದುಮಗನ ಹಾಗೆ ಕೈ ಬೀಸುತ್ತ ಬಂದು ಕೂತ. ಮೀನು ತಂದಿಟ್ಟ ಶೆಲ್ಲಿ ಮಾತ್ರ ನಗಲಿಲ್ಲ. ಅವಳ ಅಕ್ಕನನ್ನು ಟೊರ್ವಿಕ್‌ಗೆ ಕೊಟ್ಟಿದೆ.

"ಆ ಹುಡುಗನ್ನ ಸಾಕಿದ್ದೇ ಅವರಜ್ಜಿ ಅಂತೆ, ಗೋರ್ಡಿ," ಎಂದಳು. "ಆಟದ ಹಿಂದಿನ ದಿನ ಮಣ್ಣು ಮಾಡಿ ಬಂದಿದ್ನಂತೆ. ಆಡಬೇಡ ಅಂದ್ರೂ ಕೇಳ್ದೆ ಬಂದಿದ್ನಂತೆ."

ಗೋರ್ಡಿ ಫೋರ್ಕ್ ಕೆಳಗಿಟ್ಟ.

"ಅಯ್ಯೋ, ನಿನಗೇನು ಕನಸು ಬಿದ್ದಿತ್ತಾ?" ಎಂದ ಎರ್ವ್ ಕ್ರೂಗರ್. ಇವನು ಕಬ್ಬಿಣದ ಸಾಮಾನಿನ ಅಂಗಡಿಯವನು, ಬೆಂಚಿನಲ್ಲಿ ಗೋರ್ಡಿಯ ಬಲಗೈ. "ಎಲ್ರಿಗೂ ಕೂಗೋದನ್ನೇ ಅವನಿಗೂ ಕೂಗಿದೀಯ. ಆಟ ಅಂದ್ಮೇಲೆ ಇದ್ದದ್ದೇ. ಮೀನು ತಿನ್ನು, ಆರೋಗುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೀನು ಆರಿಹೋಯಿತು. ಮರುವಾರ ಕಾಲೇಜಿನ ಹುಡುಗರು ಹಸಿರು ಟೀ ಶರ್ಟಿನ ಮೇಲೆ 'ಅಜ್ಜೀನ ಕಳಿಸು' ಎಂದು ಅಚ್ಚು ಹಾಕಿಸಿ ಮಾರಿದರು. ಗುರುದಕ್ಷಿಣೆ ಎಂದು ಒಂದನ್ನು ನಮ್ಮ ಮನೆಗೂ ತಂದುಕೊಟ್ಟರು. ಗೋರ್ಡಿ ಅದರಲ್ಲಿ ಲಾರಿಯ ಎಂಜಿನ್ ಒರೆಸಿದ.

ನಮ್ಮ ಸೀಮೆಯಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಕೊಚ್ಚಿದ ಮಾಂಸ, ಅಣಬೆ ಸೂಪು, ಮೇಲೆ ಆಲೂಗಡ್ಡೆಯ ಉಂಡೆಗಳನ್ನು ಜೋಡಿಸಿ ಬೇಯಿಸಿದ ದೊಡ್ಡ ತಟ್ಟೆಯೊಂದನ್ನು ಒಯ್ಯಬೇಕು. ತಪ್ಪು ಅವನದು, ಒಲೆಯ ಮುಂದೆ ನಿಂತವಳು ನಾನು. ಆ ಬಿಸಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೇತುವೆ ದಾಟಿದೆ. ದಾರಿಯುದ್ದಕ್ಕೂ ಗೋರ್ಡಿ, "ಏನಂತ ಶುರು ಮಾಡ್ಲಿ ಡೋರೀನ್?" ಎಂದು ಕೇಳುತ್ತಲೇ ಇದ್ದ. ಜೀವಮಾನವಿಡೀ ಬಾಯಿ ಮುಚ್ಚದವನಿಗೆ ಅವತ್ತು ನಾನು ಮಾತು ಕಲಿಸಬೇಕಿತ್ತು.

ಹುಡುಗ ಸಿಕ್ಕಿದ್ದು ಮನೆಯಲ್ಲಲ್ಲ, ಅವರ ಕಾಲೇಜಿನ ಕ್ರೀಡಾಂಗಣದಲ್ಲಿ; ಒಬ್ಬನೇ ಗೆರೆಯ ಮೇಲೆ ನಿಂತು ಅಭ್ಯಾಸ ಮಾಡುತ್ತಿದ್ದ. ನಮ್ಮನ್ನು ಗುರುತು ಹಿಡಿದು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡ.

"ನನಗೆ ಗೊತ್ತಿರ್ಲಿಲ್ಲಪ್ಪಾ," ಎಂದ ಗೋರ್ಡಿ. "ನಿನ್ನಾಣೆಗೂ ಗೊತ್ತಿರ್ಲಿಲ್ಲ."

"ಪರವಾಗಿಲ್ಲ ಸರ್. ಆಟದಲ್ಲಿ ಇದೆಲ್ಲ ಇದ್ದದ್ದೇ."

"ಅಲ್ಲಪ್ಪಾ, ನಾನು…"

"ಪರವಾಗಿಲ್ಲ ಸರ್. ಊಟ ತಂದಿದ್ದಕ್ಕೆ ಥ್ಯಾಂಕ್ಸ್. ರಸ್ತೇಲಿ ಐಸ್ ಇದೆ, ನಿಧಾನವಾಗಿ ಹೋಗಿ."

ನಮ್ಮ ಕಡೆ 'ಪರವಾಗಿಲ್ಲ' ಎನ್ನುವುದು ಮುಖದ ಮೇಲೆ ಬಾಗಿಲು ಹಾಕುವುದಕ್ಕೆ ಸಮ. ತಟ್ಟೆಯನ್ನು ಬೆಂಚಿನ ಮೇಲಿಟ್ಟು ಹೊರಟೆವು. ಹಿಂದೆ ಹುಡುಗ ಮತ್ತೆ ಎಸೆಯುವ ಸದ್ದು. ಬಳೆಗೆ ಬಡಿಯಿತು, ಬೀಳಲಿಲ್ಲ. ಮತ್ತೆ ಬಡಿಯಿತು, ಬೀಳಲಿಲ್ಲ. ಗೋರ್ಡಿ ಬಾಗಿಲ ಹತ್ತಿರ ನಿಂತುಬಿಟ್ಟ. ನಾನು ತೋಳು ಹಿಡಿದು ಎಳೆದುಕೊಂಡು ಬರಬೇಕಾಯಿತು.

"ಅವನ ಕೈಯನ್ನೇ ಕೆಡಿಸಿಬಿಟ್ಟೆ ಕಣೇ," ಎಂದ ಕಾರಿನಲ್ಲಿ. "ಇನ್ನೇನೂ ಬೇಡ, ಆ ಕೈ ಒಂದು ಸರಿಹೋದ್ರೆ ಸಾಕು."

ಅಲ್ಲಿಂದ ಶುರುವಾಯಿತು ನನ್ನ ಶನಿಕಾಟ. ಮೊದಲು ಕೂಗುವ ಗೋರ್ಡಿ ಇದ್ದ, ಈಗ ಪಶ್ಚಾತ್ತಾಪ ಪಡುವ ಗೋರ್ಡಿ ಬಂದ, ಇವನು ಅವನಿಗಿಂತ ದೊಡ್ಡ ಪೀಡೆ. ಬುಟ್ಟಿಯ ಹಿಂದೆ ಚರ್ಚಿನಲ್ಲಿ ಕೂತ ಹಾಗೆ ಕೈಕಟ್ಟಿ ಕೂರುತ್ತಾನೆ. ಎದುರಾಳಿ ಅಂಕ ಗಳಿಸಿದರೆ ಚಪ್ಪಾಳೆ ತಟ್ಟುತ್ತಾನೆ. ಪಕ್ಕದ ಹುಡುಗರು ಬಾಯಿ ತೆರೆದರೆ, "ಅವನೂ ಒಬ್ಬ ತಾಯಿ ಮಗ," ಎಂದು ಉಪದೇಶ. ಬೆಕ್ಕು ಕಾಶಿಗೆ ಹೋಗಿಬಂತು ಎಂದರೆ ಇಲಿಗಳೂ ನಂಬಲಿಲ್ಲ. ಎದುರಾಳಿಗಳೇ ಅನುಮಾನದಿಂದ ಅವನನ್ನು ನೋಡತೊಡಗಿದರು, ಇದೇನೋ ಹೊಸ ಉಪಾಯವಿರಬೇಕೆಂದು.

"ನೀನೇನು ಪಾದ್ರಿ ಆಗ್ತಿದೀಯೇನೋ?" ಎಂದು ಎರ್ವ್ ಒಂದು ದಿನ ರೇಗಿದ. "ಅವರಿಗೆ ಚಪ್ಪಾಳೆ ತಟ್ಟೋದಾದ್ರೆ ಆ ಕಡೆ ಹೋಗಿ ಕೂತ್ಕೋ. ಈ ಬೆಂಚಿನ ಮರ್ಯಾದೆ ತೆಗೀಬೇಡ."

"ಬೆಂಚಿಗೆ ಯಾವ ಮರ್ಯಾದೆ ಇತ್ತಯ್ಯಾ?" ಎಂದ ಗೋರ್ಡಿ.

ಇಬ್ಬರೂ ಮಾತು ಬಿಟ್ಟರು. ಎರ್ವ್‌ನ ಅಂಗಡಿಯಲ್ಲಿ ಒಂದು ಮೊಳೆ ಬೇಕಿದ್ದರೂ ನಾನೇ ಹೋಗಬೇಕಾಯಿತು, ಹೋದರೆ ಗೋರ್ಡಿಗೆ ಸಲ್ಲಬೇಕಾದ ಬೈಗುಳವನ್ನೂ ಮೊಳೆಯ ಜೊತೆ ಪೊಟ್ಟಣ ಕಟ್ಟಿ ನನಗೇ ಕೊಡುತ್ತಿದ್ದ. ಮನೆಯಲ್ಲೋ, ಟೊರ್ವಿಕ್‌ನ ಆಟವಿದ್ದ ಸಂಜೆಯೆಲ್ಲ ಗೋರ್ಡಿ ರೇಡಿಯೋಗೆ ಕಿವಿ ಅಂಟಿಸಿ ಕೂರುತ್ತಿದ್ದ. ನೈಗಾರ್ಡ್ ಗೆರೆಗೆ ಬಂದ ಎಂದು ಕೇಳಿದರೆ ಎದ್ದು ನಿಲ್ಲುವನು. ಹೊರಗೆ ಹೋಯಿತು ಎಂದರೆ ಮುಂದಿದ್ದ ತಟ್ಟೆ ಸರಿಸಿಬಿಡುವನು. ಬೇರೆಲ್ಲ ಕಡೆಯಿಂದ ಬುಟ್ಟಿಗೆ ಹಾಕುವ ಹುಡುಗ, ಗೆರೆಗೆ ಬಂದರೆ ಸಾಕು, ತಪ್ಪಿಸುತ್ತಿದ್ದ. ಮೂವತ್ತು ವರ್ಷ ದೇವರಲ್ಲಿ ನಾನು ಬೇಡಿದ್ದು ಗೋರ್ಡಿಯ ಬಾಯಿ ಮುಚ್ಚಿಸು ಎಂದು. ದೇವರು ಕೊಟ್ಟ, ಆದರೆ ಈ ಮೌನವನ್ನು ನೋಡಲಾಗದು. ನಿಜ ಹೇಳುತ್ತೇನೆ, ಅವನಿಗಿಂತ ಹೆಚ್ಚು ಸಿಟ್ಟು ನನಗೆ ಆ ಹುಡುಗನ ಮೇಲೆ ಬರುತ್ತಿತ್ತು. ಒಂದನ್ನಾದರೂ ಹಾಕಬಾರದೇ? ಒಂದೇ ಒಂದನ್ನು?

ಮಾರ್ಚ್ ಮೊದಲ ವಾರ ಸುತ್ತಲಿನ ಕಾಲೇಜುಗಳ ಕಪ್‌ಗಾಗಿ ಫೈನಲ್. ನಮ್ಮ ಅಂಗಣದಲ್ಲೇ, ನಮಗೂ ಟೊರ್ವಿಕ್‌ಗೂ. ಬಹಳ ವರ್ಷಗಳಿಂದ ನಾವು ಆ ಕಪ್ ಮುಟ್ಟಿರಲಿಲ್ಲ. ಹಸಿರು ಶರ್ಟಿನ ಹುಡುಗರು ಮಧ್ಯಾಹ್ನವೇ ಬಂದು ಬೆಂಚು ಹಿಡಿದಿದ್ದರು, ಶರ್ಟಿನ ಮೇಲೆ ಅದೇ ಅಜ್ಜಿ. ಗೋರ್ಡಿ ಅದನ್ನು ನೋಡಿ ಬೆವೆತ. ನನಗೆ ಆಗಲೇ ಗೊತ್ತಾಯಿತು, ಇವತ್ತು ಇವನು ಏನೋ ಅವಾಂತರ ಮಾಡುತ್ತಾನೆ.

ಮಾಡಿದ. ಆಟ ಮುಗಿಯಲು ಉಸಿರು ಬಿಡುವಷ್ಟು ಹೊತ್ತು ಉಳಿದಿತ್ತು. ನಾವು ಒಂದು ಅಂಕ ಮುಂದೆ. ನಮ್ಮವನೊಬ್ಬ ನೈಗಾರ್ಡ್‌ನ ಮೈಮೇಲೆ ಬಿದ್ದ, ಸೀಟಿ ಕೂಗಿತು, ಎರಡು ಎಸೆತ. ನಮ್ಮ ಬೆಂಚಿನ ಮುಂದಿನ ಬುಟ್ಟಿಗೇ. ಹುಡುಗರು ಕಾಲು ಎತ್ತಿದರು, ಬಡಿಯುವುದೊಂದು ಬಾಕಿ. ಅಷ್ಟರಲ್ಲಿ ಗೋರ್ಡಿ ಆಟಕ್ಕೆ ಬೆನ್ನು ಮಾಡಿ ಬೆಂಚಿನ ಮೇಲೆ ಹತ್ತಿ ನಿಂತು, ಎರಡೂ ಕೈ ಅಗಲಿಸಿದ.

"ಒಬ್ರೂ ಉಸಿರೆತ್ತಬಾರದು!" ಎಂದ. "ನಾನು ಈ ಬೆಂಚಿನ ಯಜಮಾನ ಅನ್ನೋದು ನಿಜವಾದ್ರೆ, ಇವತ್ತೊಂದು ದಿನ ನನ್ನ ಮಾತು ಕೇಳಿ. ನಿಮಗೆ ಕೈ ಮುಗೀತೀನಿ."

ಅವನ ಮುಖ ನೋಡಿದ ಎರ್ವ್ ಕೂಡ ಎತ್ತಿದ ಕಾಲು ಇಳಿಸಿದ. ಬೆಂಚುಗಳೆಲ್ಲ ಸುಮ್ಮನಾದವು. ಅವರನ್ನು ನೋಡಿ ಇಡೀ ಅಂಗಣ ಸುಮ್ಮನಾಯಿತು. ಚೆಂಡು ನೆಲಕ್ಕೆ ಪುಟಿಯುವುದು ಮಾತ್ರ ಕೇಳುತ್ತಿತ್ತು. ಹುಡುಗ ಎಸೆದ. ಬಳೆಗೆ ಬಡಿದು ಹೊರಗೆ ಬಿತ್ತು.

ತೀರ್ಪುಗಾರ ಚೆಂಡನ್ನು ಮತ್ತೆ ಕೊಡಲು ಹೋದ. ಹುಡುಗ ತೆಗೆದುಕೊಳ್ಳಲಿಲ್ಲ. ಗೆರೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಗೋರ್ಡಿಯನ್ನೇ ನೋಡಿದ. ಆ ಮೌನದಲ್ಲಿ ಅವನ ಮಾತು ಎಲ್ಲರಿಗೂ ಕೇಳಿಸಿತು.

"ಏನ್ರೀ ಇದು? ನಾನೇನು ರೋಗಿಷ್ಠನಾ? ಎಲ್ರೂ ಹೀಗೇ ಮಾಡ್ತಿದೀರ. ಎಲ್ಲಿ ಹೋದ್ರೂ ಗೆರೆಗೆ ಬಂದ ತಕ್ಷಣ ಪಾಪ ಅಂತ ಸುಮ್ನಾಗ್ತಾರೆ. ನಾನು ಈಗ ಹಾಕಿದ್ರೆ ನೀವು ಬಿಟ್ಟುಕೊಟ್ರಿ ಅಂತಾರೆ. ನನಗೆ ಬಿಟ್ಟುಕೊಟ್ಟಿದ್ದು ಬೇಡ. ಕೂಗ್ರೀ!"

ಗೋರ್ಡಿ ಬಾಯಿ ತೆರೆದ. ದನಿ ಬರಲಿಲ್ಲ. ಮತ್ತೆ ತೆರೆದ, ಮೀನಿನ ಹಾಗೆ. ಕಣ್ಣಲ್ಲಿ ನೀರು ತುಂಬಿಕೊಂಡಿತು. ತೀರ್ಪುಗಾರ ಗಡಿಯಾರ ನೋಡಿದ. ಇಡೀ ಊರು ಬಾಯಿ ಬಿಟ್ಟುಕೊಂಡು ಗೋರ್ಡಿಯನ್ನು ನೋಡುತ್ತಿದೆ, ಗೋರ್ಡಿ ಹುಡುಗನನ್ನು ನೋಡುತ್ತಿದ್ದಾನೆ, ಹುಡುಗ ಕಾಯುತ್ತಿದ್ದಾನೆ. ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರ ಮೇಲೂ. ಹೆಣಿಗೆಯನ್ನು ಬಿಸಾಕಿ ಎದ್ದು ನಿಂತೆ.

"ಏಯ್ ನೈಗಾರ್ಡ್!" ಎಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ನಿನ್ನ ದೆಸೆಯಿಂದ ಇಡೀ ಚಳಿಗಾಲ ನನ್ನ ಮನೇಲಿ ಒಬ್ರೂ ನೆಟ್ಟಗೆ ಊಟ ಮಾಡಿಲ್ಲ ಕಣೋ! ಹಾಕ್ತೀಯೋ ಇಲ್ವೋ? ನಿನ್ನ ಕೈಲಾಗದಿದ್ರೆ ಆ ಚೆಂಡು ಇಲ್ಲಿ ಕೊಡು, ನಾನೇ ಬಂದು ಹಾಕ್ತೀನಿ!"

ಮೊದಲು ಹುಡುಗನ ತುಟಿಯ ಕೊನೆ ಅಲುಗಿತು. ಎರ್ವ್ ಕಾಲು ಬಡಿದ. ಬೆಂಚುಗಳು ಗುಡುಗಿದವು, ಸೂರು ಅದುರಿತು, ಆ ಗದ್ದಲದ ನಡುವೆ ನನ್ನ ಪಕ್ಕದಿಂದ ಒಂದು ಒಡಕು ದನಿ ಎದ್ದಿತು: "ಕೈ ನಡುಗ್ತಿದೆ ನೈಗಾರ್ಡ್! ನೋಡ್ರೋ, ಕೈ ನಡುಗ್ತಿದೆ!" ಗೋರ್ಡಿ ಅಳುತ್ತಲೇ ಕೂಗುತ್ತಿದ್ದ.

ಹುಡುಗ ಗೆರೆಗೆ ಹೋದ, ಚೆಂಡು ತೆಗೆದುಕೊಂಡ, ಹಾಕಿದ. ಬಳೆಯನ್ನು ಮುಟ್ಟದೆ ನೇರವಾಗಿ ಒಳಗೆ.

ಆಟ ಸಮವಾಯಿತು. ಹೆಚ್ಚುವರಿ ಸಮಯ ಕೊಟ್ಟರು, ಬುಟ್ಟಿ ಅದೇ ಉಳಿಯಿತು. ಅದರಲ್ಲಿ ನಮ್ಮವರು ಮತ್ತೆ ಮತ್ತೆ ಅವನ ಮೇಲೆ ಬಿದ್ದರು, ಅವನು ಮತ್ತೆ ಮತ್ತೆ ಗೆರೆಗೆ ಬಂದ. ನಾವು ಗಂಟಲು ಹರಿದುಕೊಂಡೆವು. ಅವನು ಪ್ರತಿಸಲ ಹಾಕಿ, ಕಿವಿಗೆ ಕೈ ಇಟ್ಟು, "ಕೇಳಿಸ್ತಿಲ್ಲ" ಎನ್ನುವಂತೆ ಗೋರ್ಡಿಗೆ ತೋರಿಸಿದ. ಸೋತೆವು. ನಮ್ಮ ಅಂಗಣದಲ್ಲಿ, ನಮ್ಮ ಕಣ್ಣೆದುರು, ಅವರು ಕಪ್ ಎತ್ತಿದರು.

ಕೈಕುಲುಕುವ ಸಾಲು ಮುಗಿದ ಮೇಲೆ ನೈಗಾರ್ಡ್ ನಮ್ಮ ಬೆಂಚಿನ ಹತ್ತಿರ ಬಂದ. ಮೈಯೆಲ್ಲ ಬೆವರು.

"ಮುಂದಿನ ವರ್ಷಾನೂ ಇಲ್ಲೇ ಬಿದ್ದಿರು, ಮುದುಕಾ," ಎಂದ ಗೋರ್ಡಿಗೆ. "ಗಂಟಲು ರಿಪೇರಿ ಮಾಡಿಸ್ಕೊಂಡು ಬಾ. ಇವತ್ತಿಂದು ಸಾಲ್ದು."

"ಹೋಗೋ ಕೊಕ್ಕರೆ," ಎಂದ ಗೋರ್ಡಿ. ಇಬ್ಬರೂ ಕೈ ಕುಲುಕಿದರು. ಹುಡುಗ ನನ್ನ ಕಡೆ ತಿರುಗಿ, "ನಿಮ್ಮ ತಟ್ಟೆ ನಮ್ಮ ಬಸ್ಸಲ್ಲಿದೆ ಮೇಡಂ, ತೊಳೆದಿಟ್ಟಿದೀನಿ," ಎಂದ. ನಾನು ಉಲ್ಲನ್ ಉಂಡೆ ಸುತ್ತತೊಡಗಿದೆ.

ಇನ್ನು ಊರಿನ ಮಾತು. ಅಂಗಣ ಸುಮ್ಮನಿದ್ದರೆ ನೈಗಾರ್ಡ್ ತಪ್ಪಿಸುತ್ತಿದ್ದ, ಗದ್ದಲವಿದ್ದರೆ ಹಾಕುತ್ತಿದ್ದ. ಇದು ಸೋತ ಮೇಲೆ ಪ್ರತಿಯೊಬ್ಬನಿಗೂ ಹೊಳೆದಿದೆ. ಗೋರ್ಡಿಯ ಮೌನವೇ ನಮ್ಮನ್ನು ಗೆಲ್ಲಿಸುತ್ತಿತ್ತಂತೆ, ಎಂಥಾ ತಂತ್ರಗಾರ ಎಂದು ಅವನ ಬೆನ್ನು ತಟ್ಟುತ್ತಾರೆ. ಎರ್ವ್ ಮೊಳೆ ತೂಗುತ್ತ ಮೊನ್ನೆ ನನಗೆ ಹೇಳಿದ, "ಡೋರೀನ್, ನೀನೊಬ್ಬಳು ಬಾಯಿ ತೆರೀದೇ ಇದ್ದಿದ್ರೆ ಕಪ್ ನಮ್ಮದಾಗ್ತಿತ್ತು ಕಣಮ್ಮಾ."

"ಕಪ್ ತಗೊಂಡು ನೀನು ನೀರು ಕುಡಿ," ಎಂದು ಮೊಳೆ ತೆಗೆದುಕೊಂಡು ಬಂದೆ.

ಮನೆಗೆ ಬಂದರೆ ಗೋರ್ಡಿ ಎರಡನೆಯ ಸಲ ಬಡಿಸಿಕೊಂಡು ತಿನ್ನುತ್ತ, ತುಂಬಿದ ಬಾಯಲ್ಲೇ ಆ ಆಟವನ್ನು ಮೊದಲಿನಿಂದ ಹೇಳತೊಡಗಿದ. ನಾನೂ ಅಲ್ಲೇ ಇದ್ದೆ ಎನ್ನುವುದನ್ನೂ ಮರೆತು, ಹುಡುಗ ಹೇಗೆ ಎಸೆದ, ಹೇಗೆ ಕಿವಿಗೆ ಕೈಯಿಟ್ಟ ಎಂದು ಚಮಚ ಹಿಡಿದು ತೋರಿಸಿದ. ತಲೆ ಚಿಟ್ಟು ಹಿಡಿಯಿತು. ಸಾಕು ನಿಲ್ಲಿಸು ಎನ್ನಲು ಹೊರಟವಳು, ಕುರ್ಚಿ ಎಳೆದುಕೊಂಡು ಕೂತು, "ಆಮೇಲೆ?" ಎಂದೆ.